ಕೆಂಗೇರಿ ದಾರಿಯ ಬಿಳಿ ಸೀರೆ

೧೯೫೭ ಮಾರ್ಚ್ ೪, ಸೋಮವಾರ

ಹಾಲು ಕಾಯಿಸಿ ಹೆಪ್ಪು ಹಾಕಿದ್ದಾಯಿತು. ಸೊಸೆ ಸೀತಾ ಆರಕ್ಕೇ ಆಸ್ಪತ್ರೆಗೆ ಹೋದಳು. ಹಸಿರು ಸೀರೆ ಉಟ್ಟು, ಬಿಳಿಯದನ್ನು ಚೀಲದಲ್ಲಿಟ್ಟುಕೊಂಡು. ನರ್ಸ್ ಕೆಲಸಕ್ಕೆ ಒಪ್ಪಿದ ದಿನ ನಾನು ಹಾಕಿದ ಕರಾರು ಅದೊಂದೇ — ಮುತ್ತೈದೆ ಬಿಳಿ ಉಟ್ಟು ಈ ಹೊಸ್ತಿಲು ದಾಟಕೂಡದು. ದಾರಿಯಲ್ಲೂ ಉಡಕೂಡದು. ಆ ಬಣ್ಣ ಹದಿನಾಲ್ಕು ವರ್ಷದಿಂದ ನನ್ನ ಮೈಮೇಲಿದೆ. ಮನೆಗೆ ಒಂದು ಸಾಕು.

ಅವಳ ಚಪ್ಪಲಿ ಮತ್ತೆ ಸವೆದಿದೆ. ದೀಪಾವಳಿಯಿಂದ ಮೂರನೆಯ ಅಟ್ಟೆ. ಆಸ್ಪತ್ರೆ ಇರುವುದು ಎರಡು ಮೈಲಿ. ಹುಡುಗಿ ನಡೆಯುತ್ತಾಳೋ ಕುಣಿಯುತ್ತಾಳೋ...

ಮಾಗಡಿಗೆ, ತಮ್ಮ ಲಕ್ಷ್ಮೀಪತಿಗೆ ಕಾರ್ಡು ಬರೆದೆ. ನಿನ್ನ ಮಗಳು ಕ್ಷೇಮ, ನನ್ನ ಮಗ ಕ್ಷೇಮ, ನನ್ನ ಮಂಡಿ ಮಾತ್ರ ಯಾರ ಮಾತೂ ಕೇಳದು. ಅವನಿಗೆ ಬರೆದು ಬರೆದೇ ಅಕ್ಷರ ಕಲಿತವಳು. ಒತ್ತಕ್ಷರ ಈಗಲೂ ಕೈಕೊಡುತ್ತದೆ.

ಮಾರ್ಚ್ ೫, ಮಂಗಳವಾರ, ಸಂಜೆ ನಾಲ್ಕು



ಎದುರು ಮನೆಯ ಗುರುಬಸಪ್ಪನವರು ಬಂದಿದ್ದರು. ಕೆಂಗೇರಿ ಆಚೆ ಬೀಗರ ಮನೆಗೆ ಹೋಗಿದ್ದರಂತೆ. ಕೂರಲಿಲ್ಲ. ಪಂಚೆಯ ಚುಂಗು ಹಿಡಿದು ನಿಂತರು. ಗಾಡಿಯಿಂದ ನೋಡಿದರಂತೆ, ಗದ್ದೆ ಬದುವಿನ ಮೇಲೆ ಸೀತಾ ಒಬ್ಬಳೇ.

"ಬಿಳೀ ಸೀರೆ ಉಟ್ಟಿದ್ರು ತಾಯಿ. ಮನೇಲಿ... ಸೇತುರಾಮು ಚೆನ್ನಾಗಿದಾನೆ ತಾನೆ?"

ಮಗ ಸೇತು ಬೆಳಿಗ್ಗೆ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ಆಫೀಸಿಗೆ ಹೋಗಿದ್ದಾನೆ. ಕೆಂಗೇರಿಯಲ್ಲಿ ಅವಳಿಗೇನು ಕೆಲಸ?

ಯಾರನ್ನೂ ಕೇಳಲಿಲ್ಲ. ಲಕ್ಷ್ಮೀಪತಿಗೆ ಬರೆದೆ — "ಸೀತಾ ಆಸ್ಪತ್ರೆಗೆಂದು ಹೇಳಿ ಎಲ್ಲೋ ಹೋಗುತ್ತಿದ್ದಾಳೆ. ಬಿಳಿ ಸೀರೆಯಲ್ಲಿ ಕಂಡವರಿದ್ದಾರೆ. ನೀನೇ ಬಂದು ಕೆಲಸ ಬಿಡಿಸು." ನಾನೇ ಹೋಗಿ ಡಬ್ಬಕ್ಕೆ ಹಾಕಿದೆ.

ಮಾರ್ಚ್ ೬, ಬುಧವಾರ

ಊಟದ ಕ್ಯಾರಿಯರ್ ನೆಪ ಮಾಡಿ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿದ್ದವ ನಕ್ಕ. ಸೀತಮ್ಮನವರಿಗೆ ದೀಪಾವಳಿಯಲ್ಲೇ ಟ್ರಾನ್ಸ್‌ಫರ್ ಆಯಿತಲ್ಲ ಅಜ್ಜಿ, ಕೆಂಗೇರಿ ಆಚೆಯ ಹೆರಿಗೆ ಕೇಂದ್ರಕ್ಕೆ ಅಂದ.

ನಾಲ್ಕು ತಿಂಗಳು. ದಿನಾ ನನ್ನ ಎದುರಿಗೇ ಹೋಗಿ ಬರುತ್ತಾಳೆ. ನನಗೆ ಗೊತ್ತಿಲ್ಲ.

ಅನ್ನ ಹಾಗೇ ವಾಪಸು ತಂದೆ.

ಮಾರ್ಚ್ ೮, ಶುಕ್ರವಾರ

ಹೋಗಿ ಬಂದೆ. ಕೂತಿದ್ದೇನೆ, ಕಾಲು ನನ್ನದಲ್ಲ.

ಇಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಎರಡು ಮೈಲಿ. ಆಮೇಲೆ ರೈಲು. ಕೆಂಗೇರಿಯಲ್ಲಿ ಇಳಿದರೆ ಮತ್ತೆ ಮೂರು ಮೈಲಿ ಮಣ್ಣುದಾರಿ. ಗಾಡಿಯವನೊಬ್ಬ ಹತ್ತಿಸಿಕೊಂಡ. ಅವಳನ್ನು ಯಾರು ಹತ್ತಿಸಿಕೊಳ್ಳುತ್ತಾರೆ? ಹೋಗಿಬರಲು ಕಾಲ್ನಡಿಗೆಯೇ ಹತ್ತು ಮೈಲಿ. ಅಟ್ಟೆಯನ್ನು ಬೈದೆನಲ್ಲ...

ಕೇಂದ್ರವೆಂದರೆ ಒಂದೇ ಕೋಣೆ. ಬಾಗಿಲಿಗೆ ಗೋಣಿ ಪರದೆ. ಸೀತಾ ಒಳಗೆ ಹೆರಿಗೆ ಮಾಡಿಸುತ್ತಿದ್ದಳು. ಹೊರಗಿದ್ದವರು ಬೋರಮ್ಮ ಎಂಬವಳ ಮನೆಯಲ್ಲಿ ಕಾಯಿರಿ ಅಂದರು. ಅದು ಇನ್ನೂ ಅರ್ಧ ಮೈಲಿ ಮುಂದೆ, ಗದ್ದೆಯಾಚೆ. ಒಳಗೆ ಗೂಟದ ಮೇಲೆ ನನ್ನ ಮನೆಯ ಹಸಿರು ಸೀರೆ ನೇತಾಡುತ್ತಿತ್ತು.

ನಾನು ಯಾರೆಂದು ಬೋರಮ್ಮನಿಗೆ ತಿಳಿಯದು. ಮಜ್ಜಿಗೆ ಕೊಟ್ಟು ಹೇಳಿದಳು — "ಬಟ್ಟೆ ಬದಲಾಯ್ಸಕ್ಕೇ ಇಲ್ಲೀಗಂಟ ಬತ್ತದೆ ಕಣವ್ವ ಆ ಮಗ, ಎಲ್ಡೊತ್ತೂ. ಅದ್ರಿಂದ್ಲೇ ಐದರ ರೈಲು ದಿನಾ ತೆಪ್ಪೋಯ್ತದೆ. ಬಿಳೀದ್ರಲ್ಲೇ ಓಗವ್ವ ಅಂದ್ರೆ, ಅತ್ತೆಗೆ ಮಾತು ಕೊಟ್ಟಿವ್ನಿ ಅಂತದೆ. ಅದೆಂಥಾ ಅತ್ತೆನೋ."

ಲೋಟ ಕೆಳಗಿಟ್ಟೆ.

ಸೀತಾ ಬಂದಳು. ನನ್ನನ್ನು ಕಂಡು ಮೊದಲು ಸೆರಗಿನಿಂದ ಸೀರೆ ಮುಚ್ಚಿಕೊಳ್ಳಲು ನೋಡಿದಳು — ಬಿಳಿಯನ್ನು ಬಿಳಿಯಿಂದಲೇ. ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ಕೆಲಸ ಬಿಡು ಅನ್ನುತ್ತಿದ್ದಿರಿ ಅಂದಳು. ಸೇತುಗೂ ಗೊತ್ತಂತೆ. ಬಾಯಿ ಬಿಡಬೇಡಿ ಅಂದವಳು ಇವಳೇ.

"ಇಬ್ರು ನರ್ಸ್ ಬಂದು ತಿರುಗಿ ಹೋದ್ರು ಅತ್ತೆ, ದೂರ ಅಂತ."

"ನಿನಗೆ?"

"ನನಗೂ ದೂರಾನೇ."

ವಾಪಸು ಬರುವಾಗ ರೈಲಿನಲ್ಲಿ ನನ್ನ ಮಂಡಿ ಒತ್ತಿದಳು. ಕಾಗದದ ವಿಷಯ ಹೇಳಲು ನಾಲಿಗೆ ಏಳಲಿಲ್ಲ.

ಮಾರ್ಚ್ ೯, ಶನಿವಾರ, ಬೆಳಿಗ್ಗೆ ಏಳೂವರೆ

ಬಿಳಿ ಸೀರೆಗೆ ನಾನೇ ಗಂಜಿ ಹಾಕಿದ್ದೆ. ಆರಕ್ಕೆ ಹೊರಟವಳಿಗೆ ಇದನ್ನೇ ಉಟ್ಟು ಹೋಗು ಅಂದೆ. ನಂಬಲಿಲ್ಲ. ಎರಡನೆಯ ಸಲ ಹೇಳಿಸಿದಳು. ಹಣೆಗೆ ಕುಂಕುಮ ದೊಡ್ಡದಾಗಿ ಇಟ್ಟೆ. ಹೊಸ್ತಿಲ ಆಚೆ ಒಂದು ಕಾಲು ಇಟ್ಟಿದ್ದಳು —

ಲಕ್ಷ್ಮೀಪತಿ. ತರಕಾರಿ ಲಾರಿಯಲ್ಲಿ ಬಂದಿದ್ದ. ಮಗಳನ್ನು ಬಿಳಿಯಲ್ಲಿ ಕಂಡವನ ಕೈಯಿಂದ ಚೀಲ ಬಿತ್ತು. ಬಾಯಿ ತೆರೆದೇ ಇತ್ತು. ಸೇತು ಕೆನ್ನೆಗೆ ಕ್ಷೌರದ ಸೋಪು ಮೆತ್ತಿಕೊಂಡು ಹಿಂದಿನಿಂದ ಬಂದ ಮೇಲೆಯೇ ಅವನಿಗೆ ಉಸಿರು ಬಂದದ್ದು.

"ಒಳಗೆ ನಡಿ. ಕೆಲ್ಸ ಇವತ್ತಿಗೆ ಮುಗೀತು. ನಿಮ್ಮತ್ತೇನೇ ಬರೆದಿದಾಳೆ."

ಸೀತಾ ನನ್ನ ಕಡೆ ನೋಡಿದಳು. ಹಾಗೆ ಯಾವತ್ತೂ ನೋಡಿರಲಿಲ್ಲ.

"ದಾರಿ ಬಿಡೋ ಲಚ್ಚು," ಅಂದೆ. "ಅವಳಿಗೆ ಏಳರ ರೈಲಿದೆ."

ಹೋದಳು. ತಿರುಗಿ ನೋಡಲಿಲ್ಲ. ತಮ್ಮ ಹಜಾರದಲ್ಲಿ ಕೂತಿದ್ದಾನೆ, ಕಾಫಿ ಮುಟ್ಟಿಲ್ಲ. ನನ್ನ ಕಾಗದ ತೊಡೆಯ ಮೇಲಿದೆ. ಇದು ನಿನ್ನ ಅಕ್ಷರ ತಾನೆ ಅಂತ ಕೇಳುತ್ತಿದ್ದಾನೆ. ನನ್ನದೇ. ಇವತ್ತು ಅವಳಿಗೆ ಐದರ ರೈಲು ಸಿಗುತ್ತದೆ, ಬೆಳಕಿರುವಾಗಲೇ ಬರುತ್ತಾಳೆ. ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ನಾನು ಹೇಳಬೇಕು — ಆ ಕಾಗದ ಬರೆದದ್ದು ಮಂಗಳವಾರ, ತಪ್ಪು ನನ್ನದೇ.