ಹೊಸ್ತಿಲಲ್ಲಿ ಒಡೆಯಬೇಕಿದ್ದ ಬಟ್ಟಲು

ಪ್ರೀತಿಯ ಚಿಜುರು,

ಅಂಗಳದ ಪರ್ಸಿಮನ್ ಹಣ್ಣುಗಳನ್ನು ಈ ಸಲ ಕಾಗೆಗಳೇ ಮುಗಿಸುತ್ತಿವೆ. ನಿನ್ನ ಕೆಮ್ಮು ಹೇಗಿದೆ?

ವೃದ್ಧಾಶ್ರಮಕ್ಕೆ ಒಂದೇ ಪೆಟ್ಟಿಗೆ ಸಾಕು, "ಅಪ್ಪಾ, ನೀನೇನು ಅಲ್ಲಿ ಮ್ಯೂಸಿಯಂ ಇಡೋಕೆ ಹೋಗ್ತಿದ್ದೀಯಾ?" ಅಂತ ಬೈದೆಯಲ್ಲ, ಹಾಗೇ ಮಾಡಿದ್ದೇನೆ. ನಿನ್ನಮ್ಮನ ಕಿಮೋನೊಗಳನ್ನು ಕೊಟ್ಟಾಯಿತು. ನನ್ನ ಇಂಗ್ಲಿಷ್ ಡಿಕ್ಷನರಿಯೂ ಹೋಯಿತು. ಅದಕ್ಕೆ 'ಫೇರ್‌ವೆಲ್, ಮೈ ಡಿಯರ್' ಅಂದೆ. ಅದಕ್ಕಿಂತ ಮುಂದಿನ ಇಂಗ್ಲಿಷೆಲ್ಲ ಕಾಲೇಜಿನಲ್ಲೇ ಮರೆತುಹೋಗಿತ್ತು.

ಉಳಿದದ್ದು ಅಮ್ಮನ ಅನ್ನದ ಬಟ್ಟಲು. ಅವಳ ಶವಪೆಟ್ಟಿಗೆ ಹೊರಟಾಗ, ಸತ್ತವಳು ತಿರುಗಿ ಬರದಿರಲೆಂದು ಅದನ್ನು ಹೊಸ್ತಿಲಲ್ಲಿ ಒಡೆಯಬೇಕಿತ್ತು. ನಿನ್ನ ಚಿಕ್ಕಮ್ಮ ಅವಸರದಲ್ಲಿ ನನ್ನ ದೊಡ್ಡ ಬಟ್ಟಲನ್ನೇ ಒಡೆದಳು. "ಅಯ್ಯೋ ಭಾವ, ನಿಮ್ಮದು ಹೋಯ್ತಲ್ಲ" ಎಂದಳು. ಇರಲಿ ಬಿಡು ಎಂದೆ. ಅಂದಿನಿಂದ ಆ ಚಿಕ್ಕ ಬಟ್ಟಲಿನಲ್ಲೇ ಉಣ್ಣುತ್ತ, ಬಂದಾಳೇನೋ ಎಂದು ಕಾದೆ. ಬರಲಿಲ್ಲ.

ಆಶ್ರಮದಲ್ಲಿ ಪಿಂಗಾಣಿ ಬೇಡವಂತೆ, ಎಲ್ಲರಿಗೂ ಪ್ಲಾಸ್ಟಿಕ್ಕೇ ಅಂತೆ. ಆದ್ದರಿಂದ ಭಾನುವಾರ ನನ್ನನ್ನು ಕಾರಿಗೆ ಹತ್ತಿಸಿದ ಮೇಲೆ ಆ ಬಟ್ಟಲನ್ನು ಹೊಸ್ತಿಲಲ್ಲಿ ಒಡೆದುಬಿಡು. ನಾನು ತಿರುಗಿ ನೋಡುವುದಿಲ್ಲ. ಇಬ್ಬರದೂ ಒಂದೇ ಸಲಕ್ಕೆ ಮುಗಿಯಲಿ.

ಚೂರುಗಳನ್ನು ಕಾಗದದಲ್ಲಿ ಸುತ್ತಿ ಹಾಕು, ಕಸದವರ ಕೈಗೆ ತಾಗೀತು.

ನಿನ್ನ ತಂದೆ,
ತೊಕುಜಿ