ಮೂರನೆಯ ಗುಡ್ಡೆಯ ಇಕ್ಕಳ

ಮನೆ, ಅಡುಗೆಮನೆಯ ಮೇಜು
ಅಕ್ಟೋಬರ್ ೯, ಬೆಳಿಗ್ಗೆ

ರೀ,

'ಪ್ರೀತಿಯ' ಎಂದು ಬರೆದು, ಅದರ ಮುಂದೆ ಏನು ಹಾಕಬೇಕೆಂದು ತಿಳಿಯದೆ ಆ ಹಾಳೆಯನ್ನು ಪಕ್ಕಕ್ಕಿಟ್ಟೆ. ಇಷ್ಟು ವರ್ಷ ಕರೆದ ಹಾಗೆಯೇ ಕರೆಯುತ್ತಿದ್ದೇನೆ. ಹೇಗಿದ್ದೀರಿ? ಎಡ ಹಿಮ್ಮಡಿಯ ಬಿರುಕು ಹೇಗಿದೆ? ಮುಲಾಮಿನ ಡಬ್ಬಿ ಭಾರವೆಂದು ಅದನ್ನು ಸ್ಟ್ರಾ ತುಂಡಿಗೆ ತುಂಬಿಸಿ, ಎರಡೂ ತುದಿಗಳನ್ನು ಮೇಣದಬತ್ತಿಗೆ ಹಿಡಿದು ಮುಚ್ಚಿಕೊಂಡು ಬೆಟ್ಟದ ನಡಿಗೆಗೆ ಹೋದಿರಿ. ಒಂದು ವಾರಕ್ಕೇ ಅದು ಮುಗಿದಿರುತ್ತದೆ ಎಂದು ನನ್ನ ಲೆಕ್ಕ. ಮುಗಿದಿದ್ದರೆ ಅಡುಗೆ ಎಣ್ಣೆಯನ್ನಾದರೂ ಹಚ್ಚಿ, ಕಾಲುಚೀಲ ಹಾಕಿಕೊಂಡು ಮಲಗಿ. ಮಂಡಿಯ ಬಗ್ಗೆ ಕೇಳುವುದಿಲ್ಲ, ಕೇಳಿದರೆ ನಿಮಗೆ ಸಿಟ್ಟು. ನಾನು ಚೆನ್ನಾಗಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ. ನೀವು ಡ್ರಾದಲ್ಲಿ ಬಿಟ್ಟುಹೋದ ಫೋನು ಮೊದಮೊದಲು ಆಗಾಗ ಗುಂಯ್‌ಗುಡುತ್ತಿತ್ತು. ಚಾರ್ಜು ಮುಗಿದ ಮೇಲೆ ಸುಮ್ಮನಾಯಿತು.

ನಿಮ್ಮ ಕಾರ್ಡು ತಲುಪಿತು. ಗ್ಯಾಸ್ ಒಲೆಯ ಬಾಯಿ ಕಟ್ಟಿಕೊಂಡಿದೆ, ಅದರ ನಟ್ಟು ಕೈಗೆ ಬಗ್ಗುತ್ತಿಲ್ಲ, ತಣ್ಣಗಿನದನ್ನೇ ತಿನ್ನುತ್ತಿದ್ದೀರಿ, ವಸತಿಗೃಹದಲ್ಲಿ ಇಳಿದುಕೊಂಡವರಲ್ಲಿ ಒಬ್ಬರ ಹತ್ತಿರವೂ ಒಂದು ಉಪಕರಣವಿಲ್ಲ ಎಂದು ಬರೆದಿದ್ದೀರಿ. ಅಲ್ಲಿರುವವರಲ್ಲಿ ಅರ್ಧ ಜನ ಹಗುರ ಚೀಲದ ಬಗೆಗಿನ ನಿಮ್ಮ ಭಾಷಣ ಕೇಳಿದವರೇ ಇರಬೇಕು. ಕಾರ್ಡಿನ ಕೊನೆಗೆ, ಜಾಗ ಸಾಲದೆ ಅಂಚಿನುದ್ದಕ್ಕೂ ತಿರುಗಿಸಿ ಬರೆದದ್ದನ್ನು ಎರಡು ಸಲ ಓದಿದೆ. ಅಟ್ಟದಲ್ಲಿರುವ ಇಕ್ಕಳವನ್ನು ಮುಂದಿನ ತಂಗುದಾಣಕ್ಕೆ ಕಳಿಸಬೇಕು, ಆದರೆ ಇಡಿಯಾಗಿ ಬೇಡ. ಇಕ್ಕಳದ ಬಾಯಿ ಮತ್ತು ಚಿಕ್ಕ ಅಲಗನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಬಿಚ್ಚಿ ತೆಗೆಯಬೇಕು, ನಿನ್ನ ಕೈಗೆ ಅದೇನು ಮಹಾ ಕೆಲಸ ಎಂದಿದ್ದೀರಿ. ನಿಜ, ಮಹಾ ಕೆಲಸವೇನಲ್ಲ. ದಿನವಿಡೀ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸುವವಳಿಗೆ ಇದು ಆಟ. ಆದರೂ ಕಾರ್ಡು ಬಂದಾಗಿನಿಂದ ತಲೆಯಲ್ಲಿ ಇದೊಂದೇ: ಕಳಿಸಬೇಕೋ, ಬೇಡವೋ.

ಅಂಗಡಿಯವರು ಅದನ್ನು ಮಾರುವಾಗ ಮಲ್ಟಿಟೂಲ್ ಎಂದಿದ್ದರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯಲಿಲ್ಲ. ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುವ, ಬಿಡಿಸಿದರೆ ಇಕ್ಕಳವಾಗುವ, ಎರಡು ಹಿಡಿಗಳೊಳಗೆ ಅಲಗು, ಕತ್ತರಿ, ದಬ್ಬಳ, ಅರ, ಸ್ಕ್ರೂಡ್ರೈವರುಗಳನ್ನು ಅಡಗಿಸಿಕೊಂಡ ಆ ವಸ್ತು ನಮಗೆ ಬರೀ ಇಕ್ಕಳ. ಪ್ರತಿ ಸಲ ಹೊರಡುವ ಮುಂಚೆ ಅದನ್ನು ಒಯ್ಯಬೇಕೋ ಬೇಡವೋ ಎಂದು ನಡುಮನೆಯಲ್ಲಿ ವಾದ ನಡೆಯುತ್ತಿತ್ತು. ಹಳೆಯ ನೀಲಿ ಹಾಸನ್ನು ನೆಲಕ್ಕೆ ಹಾಸಿ, ಸಾಮಾನನ್ನೆಲ್ಲ ಹರಡಿ, ನನ್ನ ಅಡುಗೆಮನೆಯ ತಕ್ಕಡಿಯನ್ನು ನಡುವೆ ಇಟ್ಟುಕೊಂಡು ಒಂದೊಂದನ್ನೇ ತೂಗುತ್ತಿದ್ದಿರಿ. ಅಂಗಿಗಳ ಕೊರಳಪಟ್ಟಿಯ ಚೀಟಿಗಳನ್ನು ಕತ್ತರಿಸಿದಿರಿ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕೊಯ್ದಿರಿ. ಮಗಳು ಆಗ ಹೇಳಿದ್ದು ನೆನಪಿದೆಯೇ? "ಅಪ್ಪಾ, ಬ್ರಷ್ಷು ಕತ್ತರಿಸಿದ್ದೇನೋ ಸರಿ, ಆ ಹೊಟ್ಟೇನ ಹೊತ್ಕೊಂಡೇ ಹೋಗ್ತೀಯಲ್ಲ, ಅದಕ್ಕೇನು ಮಾಡ್ತೀಯ?" ನೀವು ನಗಲಿಲ್ಲ. ನಾನು ಒಳಗೆ ಹೋಗಿ ನಕ್ಕೆ.

ಹಿಂತಿರುಗಿದ ಮೇಲೆ ಅದೇ ಹಾಸಿನ ಮೇಲೆ ಮೂರು ಗುಡ್ಡೆ. ದಿನಾ ಬಳಸಿದ್ದು ಒಂದು, ಆಗಾಗ ಬಳಸಿದ್ದು ಇನ್ನೊಂದು, ಮುಟ್ಟದೇ ಇದ್ದದ್ದು ಮೂರನೆಯದು. ಮೂರನೆಯ ಗುಡ್ಡೆ ಅಟ್ಟಕ್ಕೆ. ಈ ಪದ್ಧತಿಯ ಬಗ್ಗೆ ನೀವು ನಡಿಗೆಯ ಸಂಘದಲ್ಲಿ ಮಾತಾಡಿದಿರಿ, ಜನ ಬರೆದುಕೊಂಡರು. ಕಾಲೇಜಿನಲ್ಲಿ ನಿಮ್ಮ ಪಾಠವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಬರೆದುಕೊಂಡಿದ್ದನ್ನು ನಾನು ಕೇಳಿಲ್ಲ. ನನಗೂ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಗುಡ್ಡೆ ಹಾಕುವವರ ಕೈ ಮುಟ್ಟದ್ದನ್ನು ಯಾರ ಕೈಯೂ ಮುಟ್ಟಿಲ್ಲವೆಂದು ತಿಳಿಯುವುದು ಸುಲಭ. ನಾವಿಬ್ಬರೂ ಒಟ್ಟಿಗೆ ನಡೆದ ಆ ಕೊನೆಯ ಸಲ, ಹಾಸಿನ ಒಂದು ತುದಿಯಲ್ಲಿ ನಾನು ಡೇರೆಯ ಬಟ್ಟೆಯಿಂದ ಮಣ್ಣು ಕೆರೆಯುತ್ತ ಕೂತಿದ್ದೆ. ನೀವು ಇಕ್ಕಳವನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದು, "ನೋಡು, ಒಂದು ಸಲವೂ ಮುಟ್ಟಲಿಲ್ಲ ಇದನ್ನ. ಸುಮ್ನೆ ಹೊತ್ಕೊಂಡು ತಿರುಗಿದ್ದೇ ಬಂತು" ಎಂದಿರಿ. ಹೊತ್ತದ್ದು ನನ್ನ ಚೀಲದಲ್ಲಿ, ಇರಲಿ. ಹಾಗೆಂದು ಮೂರನೆಯ ಗುಡ್ಡೆಗೆ ಎಸೆದಿರಿ. ಅದು ಹೋಗಿ ಬಿದ್ದದ್ದು ಮಡಚುವ ಪ್ಲಾಸ್ಟಿಕ್ ಬಕೆಟ್ಟಿನೊಳಗೆ.

ಆ ನಡಿಗೆಯ ಹದಿನೈದು ದಿನಗಳನ್ನು ಆಮೇಲೆ ಎಷ್ಟೋ ಸಲ ಮೆಲುಕು ಹಾಕಿದ್ದೇನೆ, ವಾದಕ್ಕಾಗಿ ಅಲ್ಲ, ಕುತೂಹಲಕ್ಕೆ. ಡೇರೆಯ ಕೋಲು ಸೊಟ್ಟಗಾದದ್ದು ಗಾಳಿಯ ರಾತ್ರಿಯ ಮಾರನೆಯ ಬೆಳಿಗ್ಗೆ. ನೀವು ತೊರೆಗೆ ಹೋಗಿದ್ದಿರಿ, ಬರುವಷ್ಟರಲ್ಲಿ ಅದು ನೆಟ್ಟಗಿತ್ತು. ಒಲೆ ಎರಡು ಸಲ ಕಟ್ಟಿಕೊಂಡಿತು; ನೀವು ಪಕ್ಕದ ಡೇರೆಯವರಿಗೆ ಭಾರವಿಲ್ಲದ ನಡಿಗೆಯ ಸುಖವನ್ನು ವಿವರಿಸುತ್ತಿದ್ದಿರಿ, ಮಾತು ಮುಗಿಯುವಷ್ಟರಲ್ಲಿ ಕಾಫಿ ಬಂದಿತ್ತು. ನಿಮ್ಮ ಚೀಲದ ಜಿಪ್ಪು, ನಿಮ್ಮ ಬೂಟಿನ ಕೊಂಡಿ. ಇಕ್ಕಳದಿಂದ ನಿಮ್ಮ ಹಿಮ್ಮಡಿಯ ಮುಳ್ಳನ್ನು ತೆಗೆದಾಗ ಮಾತ್ರ ನೀವು ಅಲ್ಲೇ ಇದ್ದಿರಿ, ಆದರೆ ಕಣ್ಣು ಮುಚ್ಚಿಕೊಂಡು. ಬೆಳಿಗ್ಗೆ ನೀವು ಮುಂದೆ ಹೊರಟುಬಿಡುತ್ತಿದ್ದಿರಿ. ನಾನು ಡೇರೆ, ಒಲೆಯನ್ನೆಲ್ಲ ಬಿಗಿದು, ಕಟ್ಟಿ, ಹಿಂದೆ ಬರುತ್ತಿದ್ದೆ. ದಾರಿಯಲ್ಲಿ ಸಿಕ್ಕವರಿಗೆ ನೀವು ನನ್ನನ್ನು ಪರಿಚಯಿಸುತ್ತಿದ್ದ ಮಾತು ಒಂದೇ: "ಇವಳು ನಮ್ಮನೆಯವಳು, ಸ್ವಲ್ಪ ನಿಧಾನ." ಅವರು ನನ್ನ ಕಡೆ ನೋಡಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮರುವರ್ಷ ನೀವು ಚೀಲ ಕಟ್ಟುವಾಗ, ಈ ಸಲ ಒಬ್ಬನೇ ಹೋಗಿಬರ್ತೀನಿ, ನಿಂಗೂ ವಿಶ್ರಾಂತಿ ಸಿಕ್ಕಿದ ಹಾಗಾಯ್ತು ಎಂದಿರಿ. ಇಕ್ಕಳ ಅಟ್ಟದ ಮೇಲಿತ್ತು. ನಾನು ಅದರ ಕೆಳಗೆ ನಿಂತು ನಿಮ್ಮ ಚೀಲದ ಪಟ್ಟಿ ಸರಿಮಾಡುತ್ತಿದ್ದೆ.

ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಗಳೂ ಕೇಳಿದಳು. "ಬಾಯಿ ಬಿಟ್ಟು ಹೇಳೋಕೆ ಏನಮ್ಮ ನಿಂಗೆ? ಅಪ್ಪ ಏನು ಮನಸ್ಸು ಓದ್ತಾರಾ?" ಅವಳ ಮಾತು ನ್ಯಾಯವೇ. ಆದರೆ ತೆಗೆದ ಮುಳ್ಳನ್ನು ಅಂಗೈಯಲ್ಲಿಟ್ಟು ತೋರಿಸಿ ರಶೀದಿ ಕೇಳುವುದು ನನಗೆ ಬರುವುದಿಲ್ಲ. ಅಂಗಡಿಯಲ್ಲೂ ಹಾಗೆ: ಗಿರಾಕಿ ಕನ್ನಡಕ ಹಾಕಿಕೊಂಡು ಬೀದಿ ನೋಡುತ್ತಾನೆ, ಕನ್ನಡಕವನ್ನು ನೋಡುವುದಿಲ್ಲ. ಅಲ್ಲಿ ಅದು ಕೆಲಸ ಸರಿಯಾಗಿದೆ ಎಂಬುದರ ಗುರುತು. ಮನೆಗೂ ಅದೇ ಸೂತ್ರ ಸಾಕೆಂದು ನಾನು ಬಹಳ ಕಾಲ ನಂಬಿದ್ದೆ.

ಮೊನ್ನೆ ಇಕ್ಕಳವನ್ನು ಅಂಗಡಿಗೆ ಒಯ್ದು, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ದೀಪದ ಕೆಳಗೆ ಬಿಚ್ಚಿದೆ. ಮಾಲೀಕರು ಇಣುಕಿ ನೋಡಿ, "ಯಜಮಾನರು ಬೆಟ್ಟ ಹತ್ತೋಕೆ, ನೀವು ಇಲ್ಲಿ ಸ್ಕ್ರೂ ಬಿಚ್ಚೋಕೆ. ಒಳ್ಳೇ ಜೋಡಿ ಬಿಡಿ" ಎಂದರು. ನಾನು ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಅಲಗು, ಕತ್ತರಿ, ಅರ ಎಂದು ಒಂದೊಂದನ್ನೇ ಒರೆಸಿ ಇಟ್ಟೆ. ಕೀಲಿನ ಸಂದಿಯಲ್ಲಿ ಬೂದುಬಣ್ಣದ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಅದು ನಿಮ್ಮ ಕಾಲುಚೀಲದ್ದು. ನೀವು ಬರೆದಂತೆ ಬಾಯಿಯನ್ನೂ ಚಿಕ್ಕ ಅಲಗನ್ನೂ ಬಿಟ್ಟು ಮಿಕ್ಕಿದ್ದನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಹಿಡಿಗಳು ಟೊಳ್ಳಾಗಿ ಕಾಣುತ್ತಿದ್ದವು, ಅದುಮಿದರೆ ಲೊಟಲೊಟ ಅಲ್ಲಾಡುತ್ತಿದ್ದವು. ಹಾಗೆಯೇ ಕಳಿಸಬಹುದಿತ್ತು, ನಿಮ್ಮ ನಟ್ಟು ಹೇಗೋ ಬಿಚ್ಚುತ್ತಿತ್ತು. ಆಮೇಲೆ, ಸುಮ್ಮನೆ, ನಿಮ್ಮ ಪದ್ಧತಿಯಂತೆಯೇ ಮೂರು ಗುಡ್ಡೆ ಮಾಡಲು ಹೊರಟೆ, ಆದರೆ ನನ್ನ ಕೈಯ ಲೆಕ್ಕದಲ್ಲಿ. ಕತ್ತರಿಯಿಂದ ನಿಮ್ಮ ಗಾಯದ ಪಟ್ಟಿ ಕತ್ತರಿಸಿದ್ದೆ. ದಬ್ಬಳದಿಂದ ನಿಮ್ಮ ಬೆಲ್ಟಿಗೆ ಹೊಸ ತೂತು ಹಾಕಿದ್ದೆ. ಅರದಿಂದ ಡೇರೆಯ ಕೋಲಿನ ಒರಟು ತುದಿಯನ್ನು ನಯಮಾಡಿದ್ದೆ. ಡಬ್ಬಿ ತೆರೆಯುವ ಕೊಕ್ಕೆಯ ಬಗ್ಗೆ ಸ್ವಲ್ಪ ಹೊತ್ತು ಅನುಮಾನವಿತ್ತು, ಅದರಿಂದ ಬೂಟಿನ ಅಡಿಯ ಕಲ್ಲು ಕೀಳುತ್ತಿದ್ದುದು ನೆನಪಾಯಿತು. ಮೂರನೆಯ ಗುಡ್ಡೆಗೆ ಹಾಕಲು ಏನೂ ಉಳಿಯಲಿಲ್ಲ. ಎಲ್ಲವನ್ನೂ ಮತ್ತೆ ಜೋಡಿಸಿದೆ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟೆ. ಈಗ ಬೆರಳೊಂದರಿಂದಲೇ ತೆರೆಯುತ್ತದೆ.

ಒಲೆಯ ವಿಷಯ. ಮೊದಲು ಗ್ಯಾಸಿನ ಡಬ್ಬಿಯನ್ನು ಬಿಚ್ಚಿ ದೂರ ಇಡಿ. ಅವಸರದಲ್ಲಿ ಇದನ್ನು ಮರೆಯುವವರು ನೀವು. ಒಲೆ ತಣ್ಣಗಾಗಿರಬೇಕು. ನಟ್ಟನ್ನು ಎಡಕ್ಕೆ ತಿರುಗಿಸಿ, ಜಗ್ಗಬೇಡಿ, ಹಿತ್ತಾಳೆ ಮೆತ್ತಗಿರುತ್ತದೆ. ಬಾಯಿಯೊಳಗೆ ಪಿನ್ನು ತುರುಕಬೇಡಿ, ತೂತು ದೊಡ್ಡದಾದರೆ ಒಲೆ ಕೆಟ್ಟಂತೆಯೇ. ತಂಗುದಾಣದಲ್ಲಿ ಬಿಸಿ ನೀರು ಕೇಳಿ ಅದರಲ್ಲಿ ನೆನೆಸಿ, ಬಲವಾಗಿ ಊದಿ, ಪೂರಾ ಒಣಗಿದ ಮೇಲೆ ಕೂರಿಸಿ. ಡಬ್ಬಿ ಸೇರಿಸಿ, ಹೊತ್ತಿಸುವ ಮುಂಚೆ ಸೋಪಿನ ನೀರು ಹಚ್ಚಿ ಗ್ಯಾಸು ಸೋರಿ ಗುಳ್ಳೆ ಬರುತ್ತದೆಯೇ ನೋಡಿ. ಇಷ್ಟೇ ಕೆಲಸ. ನೀವು ಒಂದು ಭಾಷಣ ಮುಗಿಸುವಷ್ಟರಲ್ಲಿ ಆಗುತ್ತದೆ.

ಇಲ್ಲಿ ಬಿಸಿಲು ಚೆನ್ನಾಗಿದೆ. ಅಡುಗೆಮನೆಯ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ. ನಡುಮನೆಯಲ್ಲಿ ನೀಲಿ ಹಾಸು ಹಾಸಿದ್ದೇನೆ, ಎದ್ದು ಅತ್ತ ಹೋಗಬೇಕು. ಮಗಳು ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ; ಹೊಟ್ಟೆ ಎಷ್ಟು ಕರಗಿತೆಂದೂ ಕೇಳಿದ್ದಾಳೆ. ಇಳಿಜಾರಿನಲ್ಲಿ ನಿಧಾನ. ಕಾಲು ಒದ್ದೆಯಾಗದಿರಲಿ, ಹೊಟ್ಟೆಗೆ ಬಿಸಿಯಾದದ್ದು ಸಿಗಲಿ.

ಇವಳು

ಸಂಜೆ ಸೇರಿಸುತ್ತಿದ್ದೇನೆ, ಮರೆತಿದ್ದೆ: ಈ ಪತ್ರದ ಜೊತೆಗಿನ ಪಾರ್ಸೆಲ್ಲಿನಲ್ಲಿ ಇಕ್ಕಳವಿಲ್ಲ, ಹುಡುಕಬೇಡಿ. ಕಾಗದದಲ್ಲಿ ಸುತ್ತಿರುವುದು ಅಂಗಡಿಯ ಒಂದು ಹಳೆಯ ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಮಾಡಿದ ಪುಟ್ಟ ಸ್ಪ್ಯಾನರ್. ಅಟ್ಟದಲ್ಲಿದ್ದ ನನ್ನ ಒಲೆಯ ನಟ್ಟಿಗೆ ಅಳತೆ ಹಿಡಿದೆ, ಎರಡೂ ಒಲೆ ಒಂದೇ ಅಳತೆಯವು. ನಿಮ್ಮ ಬ್ರಷ್ಷಿಗಿಂತ ಹಗುರ. ಆ ಒಂದು ನಟ್ಟನ್ನು ಬಿಚ್ಚುತ್ತದೆ, ಬೇರೇನೂ ಮಾಡುವುದಿಲ್ಲ. ನಿಮಗೆ ಇಷ್ಟವಾಗಬಹುದು. ಇಕ್ಕಳ ನನ್ನ ಚೀಲದಲ್ಲಿದೆ. ನಾಳೆ ಬೆಳಿಗ್ಗೆ ನಾನೂ ಹೊರಡುತ್ತಿದ್ದೇನೆ, ಬೇರೆ ದಾರಿಗೆ. ಅಂಗಡಿಯಲ್ಲಿ ಹೇಳಿದ್ದೇನೆ, ಮನೆಯ ಕೀಲಿಕೈ ಮಗಳ ಹತ್ತಿರವಿದೆ. ನೀವು ಬರುವಾಗ ನಾನು ಇಲ್ಲಿರುವುದಿಲ್ಲ, ಆಮೇಲಿನದನ್ನು ಈಗ ಬರೆಯಲಾರೆ. ತಕ್ಕಡಿಯನ್ನು ತೊಳೆದು ಅಡುಗೆಮನೆಯಲ್ಲೇ ಇಟ್ಟಿದ್ದೇನೆ. ಚೀಲವನ್ನು ತೂಗಲಿಲ್ಲ. ಭಾರವಿದೆ, ಹೊತ್ತು ಬೀದಿಯ ಕೊನೆಯವರೆಗೆ ಹೋಗಿ ಬಂದೆ, ಹೊರಬಲ್ಲೆ.