ಬಲಗೈಯ ಮೂಳೆಗಳು

ಗುಬ್ಬಿ, ಭಾನುವಾರ, 1983

ಚಿಕ್ಕಗಂಗೀ,

ಸತ್ತ ಹೆಂಡತಿಗೆ ಕಾಗದ ಬರೆಯುವವನಿಗೆ ಬುದ್ಧಿಯಿಲ್ಲ ಅನ್ನುತ್ತೀಯ. ಅನ್ನು. ಹೇಳಿಕೊಳ್ಳಲು ಇನ್ಯಾರಿದ್ದಾರೆ?

ತುಮಕೂರಿನ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿರುವ ನಮ್ಮ ಮೊಮ್ಮಗಳು ಮಂಗಳ ಇವತ್ತು ಬಂದಿದ್ದಳು. ನಾಳೆ ಪರೀಕ್ಷೆಯಂತೆ, ಚೀಲದ ತುಂಬ ಮನುಷ್ಯರ ಮೂಳೆ! ಯಾರ ಮನೆಯ ಹೆಣವೋ ಏನೋ, ಹೊಸ್ತಿಲು ದಾಟಿಸಬೇಡ ಎಂದು ಕೂಗಾಡಿದೆ. ಅವಳೇನು ಕಮ್ಮಿಯೇ? ಚೀಲವನ್ನು ಹೊಂಗೆ ಮರಕ್ಕೆ ನೇತುಹಾಕಿ ಬಂದಳು.

“ಹಂಗಾದ್ರೆ ನಿನ್ನ ಮೂಳೆನೇ ಕೊಡು ತಾತ. ಹೆಂಗೂ ನಿನ್ ಮೈಮೇಲೆ ಅದು ಬಿಟ್ರೆ ಇನ್ನೇನೂ ಇಲ್ಲ.”

“ಬಾಯಿ ಮುಚ್ಕೊಂಡು ಓದ್ಕೊಳೇ” ಎಂದು ಬಲಗೈ ಕೊಟ್ಟೆ.

ಹೆಗಲಿನಿಂದ ಬೆರಳ ತುದಿಯವರೆಗೆ ಒತ್ತಿ ಒತ್ತಿ, ಒಂದೊಂದು ಮೂಳೆಗೂ ಇಂಗ್ಲಿಷ್ ಹೆಸರು ಹೇಳಿದಳು. ತಪ್ಪಿದಾಗಲೆಲ್ಲ ಮತ್ತೆ ಹೆಗಲಿನಿಂದ ಶುರು ಮಾಡಿದಳು. ನಾನು ಬೈಯಲಿಲ್ಲ. ನೀನು ಹೋದಮೇಲೆ ಈ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಮುಗಿಯಿತು ಎಂದು ಎದ್ದಳು.

“ಎಡಗೈ ಓದಲ್ವೇನೇ?” ಎಂದೆ.

“ಎರಡ್ರಲ್ಲೂ ಅವೇ ಮೂಳೆ ಕಣ್ತಾತ. ಬಸ್ಸಿಗೆ ಹೊತ್ತಾಯ್ತು.”

ಅವಳು ಹೋದಮೇಲೂ ಎಡಗೈ ಚಾಚಿಕೊಂಡೇ ಕೂತಿದ್ದೆ ಕಣೇ.